ಕಣ್ಣು ಬಂದಾವ

ನಮ್ಮ ಕಡೆ ಮಾತಽ ಹಂಗ.
ಬ್ಯಾನಿ ಬಂತು ಅನ್ನಂಗಿಲ್ಲ,
ಕಣ್ಣು ಬಂದಾವ ಅಂತೀವಿ,
ನಿನ್ನೆತನಕ ಇರಲೇ ಇಲ್ಲೇನೋ ಅನ್ನೂಹಂಗ,
ಬೀಗರು ಬಂದಾರ ಅನ್ನೂಹಂಗ.

ಶ್ರಾವಣದ ಎರಡನೇ ಸೋಮವಾರ
ಗದಗಿಗೆ ಊರಿಗೂರಽ ಕಣ್ಣು ಬಂದವು.
ಬೆಟಗೇರಿಯ ಮಗ್ಗದವರು, ಬೆರಳಿಗೆ ಇನ್ನೂ ಬಣ್ಣ ಹತ್ತಿದ್ದವರು;
ರೋಣದ ಬಸ್ಸಿನ ಕಂಡಕ್ಟರ್ ಮೌಲಾಲಿ,
ಅರ್ಧ ತಾಲೂಕಿಗೆ ಚಿಲ್ಲರ ಕೊಟ್ಟ ಕೈ ಎತ್ತಿ ಕಣ್ಣು ತಿಕ್ಕಿಕೋತ;
ಒಂದಽ ಹಾಸ್ಟೆಲ್ಲಿನ ಹನ್ನೊಂದು ಹುಡುಗರು,
ಹನ್ನೊಂದು ಮಾರಿಗೆ ಒಂದಽ ಟಾವೆಲ್.

ಮೇಟಿ ಡಾಕ್ಟರಕ್ಕಾರ ದವಾಖಾನಿ ಬಾಗಿಲದಾಗ ನಾನು.
ಬಲಕ್ಕ ಕೆಂಪು ಪಟ್ಟಿ ಬಳದ ಬೆಂಚು, ಕೆಂಗಣ್ಣಿನವರಿಗೆ.
ಎಡಕ್ಕ ಪರಿ ತಗಸಾಕ ಬಂದ ಮುದುಕರು.
ನಡುವ ಆರು ಹೆಜ್ಜಿ.
ಆ ಆರು ಹೆಜ್ಜಿ ಕಾಯೂದಽ ನನ್ನ ಪಗಾರ.

ಗದ್ದ ಇಡೂ ಪಟ್ಟಿ ಒರಸ್ತೀನಿ, ಹಣಿ ಆನಿಸೂ ಪಟ್ಟಿ ಒರಸ್ತೀನಿ,
ಬಾಗಿಲ ಹಿಡಿಕಿ, ಕುರ್ಚಿಯ ತೋಳು, ಸಹಿ ಮಾಡೂ ಪೆನ್ನು.
ಎಣ್ಣಿಗಿಂತ ಹೆಚ್ಚು ಸ್ಪಿರಿಟ್ಟು ಕುಡದಾವ ನನ್ನ ಅಂಗೈ.
ಬಾಟಲಿ ಮೂತಿ ರೆಪ್ಪಿಗೆ ತಾಗಬಾರದು,
ಹನಿ ತಾನಽ ಬೀಳಬೇಕು,
ಮಾಳಗಿ ಸೋರಿದಂಗ, ಬ್ಯಾರೆ ಬ್ಯಾರೆ.

ಹೆಂಗಸರು ಸೆರಗು ಮುಂದ ಎಳಕೊಂಡು ಕುಂತಿದ್ದರು.
'ಆಕಿ ಕಡೆ ನೋಡಬ್ಯಾಡವಾ, ನೋಡಿದ್ರ ಹತ್ತತೈತಿ.'
ನೋಟಕ್ಕ ಹತ್ತೂದಲ್ರೀ, ಅಂದೆ.
ಕೈಗೆ ಹತ್ತತೈತಿ, ಅರಿವಿಗೆ ಹತ್ತತೈತಿ, ತಲಿದಿಂಬಿಗೆ ಹತ್ತತೈತಿ.
ನೋಡ್ರಿ, ಎಷ್ಟು ಬೇಕಾದ್ರೂ ನೋಡ್ರಿ.
ಯಾರೂ ನೋಡಲಿಲ್ಲ.

ಹನ್ನೆರಡಕ್ಕ ಅಂದಾನಗೌಡ್ರು ಬಂದರು.
ನಮ್ಮೂರವರು. ನನ್ನ ಗುರುತು ಹಿಡೀಲಿಲ್ಲ.
ಬಲಗಣ್ಣು ಹಣ್ಣು ಮೆಣಸಿನಕಾಯಿ.
ಧೋತರದ ಚುಂಗಿನಿಂದ ಒರಸಿಕೊಂಡು
ಅದಽ ಕೈಯಿಂದ ಒಳಗಿನ ಬಾಗಿಲಕ್ಕ ಹೋದರು.
'ಮುಟ್ಟಬ್ಯಾಡ್ರಿ.'

ಕೈ ನಡುಗಾಳ್ಯಾಗ ನಿಂತಿತು.

ಆ ಕೈ ನಿಂತ ಜಾಗಾ ನನಗ ಗೊತ್ತು.
ಅವರ ಮನಿ ಕಟ್ಟಿಗೆ ನನ್ನವ್ವನ ಕೈ ಅಲ್ಲೇ ನಿಲ್ಲತಿತ್ತು.
ಚಾದಂಗಡಿ ಚಪ್ಪರದ ಗಳಕ್ಕ ಸಿಗಿಸಿದ್ದ ನಮ್ಮಪ್ಪನ ಗ್ಲಾಸು,
ತಾನಽ ಇಳಿಸೂದು, ತಾನಽ ತೊಳೆಯೂದು, ತಾನಽ ಸಿಗಿಸೂದು.
ಕೇಳಿ ಕೇಳಿ ಬೆಳದ ಮಾತು.
ಅಂದದ್ದು ಮಾತ್ರ ಅವತ್ತಽ ಮೊದಲು.
ನಾಲಗಿ ಮ್ಯಾಲೆ ಅದರ ರುಚಿ ಹೆಂಗಿತ್ತು ಅಂತ
ಸುಳ್ಳು ಹೇಳಾಕ ಆಗಂಗಿಲ್ಲ:
ಒಂದು ಗಳಿಗಿ ಸಿಹಿ ಇತ್ತು.

ಆಮ್ಯಾಲೆ ನಳದ ಹತ್ತಿರ ಕರಕೊಂಡು ಹೋದೆ.
ಮೊಳಕೈಲೆ ತಿರುವಿ ನೀರು ಬಿಟ್ಟೆ.
ಸಬಕಾರ, ಬೆರಳ ಸಂದಿ, ಉಗುರಿನ ಬುಡ.
ಬೊಗಸಿ ಒಡ್ಡಿದ್ದರು ಗೌಡ್ರು, ಸಾಲಿ ಹುಡುಗನಂಗ.
'ಎಷ್ಟು ದಿನಾ ಹಿಂಗ ಬ್ಯಾರೆ ಇರಬೇಕವಾ?
ಮೊಮ್ಮಗಳು ಮಗ್ಗಲದಾಗಽ ಮಲಗತಾಳ.'
'ಹತ್ತು ದಿನಾರೀ. ನೀರು ಸೋರೂದು ನಿಲ್ಲಲಿ.'
'ಹತ್ತು ದಿನಾ?' ಅಂದರು.

ನಾನು ಏನೂ ಅನ್ನಲಿಲ್ಲ.
ಚೀಟಿ ಮ್ಯಾಲೆ ತಾರೀಖು ಬರದು ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ನನ್ನ ಎಡಗಣ್ಣು
ಅಂಟಿಕೊಂಡಽ ಎದ್ದಿತು.
ಇಷ್ಟು ಒರಸಿದಾಕಿಗೂ ಬಂತು, ಎಲ್ಲಿ ತಪ್ಪಿದೆನೋ,
ಯಾವ ಪೆನ್ನೋ, ಯಾವ ಹುಡುಗನ ಕಣ್ಣೀರೋ.
ದವಾಖಾನಿಗೆ ಹೋದರ ಬಾಗಿಲದಾಗ ಸಕೀನಾ,
ಮೊನ್ನೆ ಸೇರಿದಾಕಿ, ನಾನಽ ಕಲಿಸಿದಾಕಿ.
'ಮುಟ್ಟಬ್ಯಾಡಕ್ಕಾ' ಅಂದಳು, ಮೆಲ್ಲಕ.

ಮೈ ಒಮ್ಮೆ ಜುಮ್ಮಂತು.
ಹಳೇ ರೂಢಿ, ಅದಕ್ಕ ಹನಿ ಔಷಧ ಇಲ್ಲ.
ಕೆಂಪು ಬೆಂಚಿನ ಮ್ಯಾಲೆ ಕುಂತೆ, ಕೈ ತೊಡಿ ಮ್ಯಾಲೆ ಇಟಗೊಂಡು.
ಆಕಿ ಚೀಟಿ ಬರದು ಬೆಂಚಿನ ತುದಿಗೆ ಇಟ್ಟು ಸರದಳು.
ಬಲಗಣ್ಣಿಲೆ ಓದಿದೆ:
ನನ್ನ ಹೆಸರು,
ಅದರ ಕೆಳಗ
ಒಂದು ತಾರೀಖು.