ಆರು ಪುಟದ ಮಿತಿ

ಟಾಟಾ ಇನ್‌ಸ್ಟಿಟ್ಯೂಟ್ ಇಳೀರಿ, ಅಂದ ಕಂಡಕ್ಟರು.
ನನ್ನ ಆಹ್ವಾನಪತ್ರದಲ್ಲಿ ಆ ಹೆಸರಿರಲಿಲ್ಲ. ಇಳಿದೆ.
ಗೇಟಿನಾಚೆ ಮರಗಳು, ಮರಗಳ ನಡುವೆ ಸೈಕಲ್ಲು,
ಸೈಕಲ್ಲಿನ ಮೇಲೆ ನಿದ್ದೆಗಣ್ಣಿನ ಹುಡುಗರು.
ದೊಡ್ಡ ಊರಿನ ಹೊಟ್ಟೆಯೊಳಗೊಂದು ಸಣ್ಣ ಊರು;
ಅದಕ್ಕೆ ತನ್ನದೇ ಅಂಚೆ, ತನ್ನದೇ ಬ್ಯಾಂಕು,
ಹಾರ್ನು ದಾಟಿ ಬರಲಾರದ ತನ್ನದೇ ನೆರಳು.

ಕೊರಳಿಗೆ ಬಿಲ್ಲೆ ಹಾಕಿದರು.
ಶರಣಮ್ಮ ಬಿ. ಹೊಸಕೇರಿ ಹೋಗಿ
ಶರ್ಮಾ ಬಿ. ಎಚ್. ಆಗಿದ್ದೆ.
ಸೆಣಬಿನ ಚೀಲ, ಪೆನ್ನು, ಊಟದ ಕೂಪನ್ನು ಮೂರು.
ಸರಿ ಮಾಡಿಸಿ ಕೊಡ್ತೀವಿ ಮೇಡಂ, ಅಂದಳು ಹುಡುಗಿ.
ಮೂರು ದಿನವೂ ಶರ್ಮಾ ಆಗಿಯೇ ಉಂಡೆ.

ನನ್ನ ವಿಷಯ ಬೇರಿಂಗು.
ಗಂಗಾವತಿಯ ಅಕ್ಕಿಗಿರಣಿಯಲ್ಲಿ
ಅದು ಕೆಡುವ ಮುಂಚೆ ಏನು ಹೇಳುತ್ತದೆ ಎಂಬುದು.
ನಲವತ್ತೊಂದು ದಿನ ಸೆನ್ಸಾರು ಅಂಟಿಸಿ ಕೂತಿದ್ದೆ,
ತೌಡಿನ ಧೂಳು ರೆಪ್ಪೆಯ ಮೇಲೆ, ಕೀಬೋರ್ಡಿನ ಸಂದಿಯಲ್ಲಿ.
ಹುಸೇನಪ್ಪ ಬರುತ್ತಿದ್ದ, ಬಾಯಲ್ಲಿ ಎಲೆಯಡಿಕೆ,
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ.
"ಇದು ಇನ್ನೂ ಹುಡುಗ ಐತ್ರಿ."
"ಇದಕ್ಕ ಕೆಮ್ಮು ಶುರುವಾತು."
"ಇದು ಅಮಾಸಿ ಕಾಣೂದಿಲ್ಲ."
ನಾನು ಬರೆದುಕೊಂಡೆ: ಸೊನ್ನೆ, ಒಂದು, ಎರಡು.

ಅವನ ಹೆಸರೂ ಹಾಕೋಣವೆಂದರೆ
ಅರ್ಜಿ ಕೇಳಿತು: ಸಂಸ್ಥೆ? ಹುದ್ದೆ? ಇ-ಮೇಲ್?
ನಕ್ಷತ್ರ ಹಾಕಿದ ಜಾಗ ಖಾಲಿ ಬಿಟ್ಟರೆ
ಮುಂದೆ ಹೋಗುವುದಿಲ್ಲ.
ಕೃತಜ್ಞತೆಯಲ್ಲಿ ಸೇರಿಸಿದೆ, ಒಂದೇ ಸಾಲು.
ಪುಟ ಏಳಾಯಿತು. ಮಿತಿ ಆರು.
ಚಿತ್ರ ಕಿರಿದು ಮಾಡಿದೆ, ಅಕ್ಷರ ಒತ್ತರಿಸಿದೆ,
ಕೊನೆಗೆ ಅವನನ್ನೇ ತೆಗೆದೆ.
ಆರಾಯಿತು.

ಎರಡನೆಯ ದಿನ, ಊಟಕ್ಕೆ ಮುಂಚಿನ ಸರದಿ.
ಹನ್ನೆರಡು ನಿಮಿಷ; ಹತ್ತಕ್ಕೇ ಗಂಟೆ.
ಬಾಗಿಲ ಸಂದಿಯಿಂದ ಬಿಸಿಬೇಳೆಬಾತಿನ ಘಮ,
ಮುಂದಿನ ಸಾಲಿನಲ್ಲಿ ಆಕಳಿಕೆ.
ಕಾನ್ಪುರದಿಂದ ಬಂದ ಹಿರಿಯರೊಬ್ಬರು ಎದ್ದು ಕೇಳಿದರು:
ಇದು ಕೆಟ್ಟಿದೆ, ಇದು ಕೆಟ್ಟಿಲ್ಲ
ಎಂದು ನಿಮಗೆ ಹೇಳಿದ್ದು ಯಾರು?
ಒಳ್ಳೆಯ ಪ್ರಶ್ನೆ. ಬಂದದ್ದೇ ಅದೊಂದು.
ಬಾಯಿ ತೆರೆದೆ. ಕೆಂಪು ತುಟಿ ಕಂಡಿತು, ಮುಚ್ಚಿದ ಕಣ್ಣು ಕಂಡಿತು.
ಡೊಮೇನ್ ಎಕ್ಸ್‌ಪರ್ಟ್, ಅಂದೆ.
ಅವರು ತಲೆಯಾಡಿಸಿ ಕೂತರು. ಚಪ್ಪಾಳೆ.
ಸುಳ್ಳೇನಲ್ಲ.
ಬಿಸಿಬೇಳೆಬಾತು ಮಾತ್ರ ಯಾಕೋ ಅರ್ಧಕ್ಕೇ ಸಾಕಾಯಿತು.

ರಾತ್ರಿ ಅತಿಥಿಗೃಹದ ಹನ್ನೊಂದನೇ ಕೋಣೆಯಲ್ಲಿ
ಫ್ಯಾನು ಮೂರಕ್ಕೆ ಹಾಕಿದರೆ ಟಿಕ್ ಅನ್ನುತ್ತಿತ್ತು.
ಯಶವಂತಪುರದ ಕಡೆ ಗೂಡ್ಸು ಹೊರಟಾಗ ಮುಳುಗುವುದು,
ಗಾಡಿ ದೂರ ಸರಿದಂತೆ ಮತ್ತೆ ತಲೆಯೆತ್ತುವುದು.
ಸ್ವಿಚ್ಚು ಆರಿಸಿ, ರೆಕ್ಕೆ ನಿಧಾನವಾಗುವಾಗ ಎಣಿಸಿದೆ.
ಸುತ್ತಿಗೊಮ್ಮೆ ಅಲ್ಲ; ಎರಡೂವರೆ ಸುತ್ತಿಗೊಮ್ಮೆ.
ಒಳಗೆ ಗುಂಡು ಹಿಡಿದಿಡುವ ಪಂಜರವೇ ಸಡಿಲ.
ಲ್ಯಾಪ್‌ಟಾಪು ಚೀಲದಲ್ಲೇ ಇತ್ತು.
ಆಮೇಲೆ ಗೊತ್ತಾಯಿತು, ನಾನು ಕಣ್ಣು ಮುಚ್ಚಿದ್ದೆ.

ಬೆಳಿಗ್ಗೆ ಕೀಲಿ ಒಪ್ಪಿಸುವಾಗ
ದೂರು ಪುಸ್ತಕ ಕೇಳಿ ತೆಗೆಸಿದೆ.
ಹಿಂದಿನ ಪುಟಗಳಲ್ಲಿ ಬಿಸಿನೀರು, ಸೊಳ್ಳೆ, ಕಿಟಕಿಯ ಕೊಂಡಿ,
ಯಾರೋ ಕಳಕೊಂಡ ಬಲಗಾಲ ಚಪ್ಪಲಿ.
ಬರೆದೆ: ಫ್ಯಾನಿನ ಮೇಲಿನ ಬೇರಿಂಗಿಗೆ
ಕೆಮ್ಮು ಶುರುವಾಗಿದೆ. ಸದ್ಯಕ್ಕೆ ಎರಡರಲ್ಲಿ ಓಡಿಸಿ.
ದಸರೆಯೊಳಗೆ ಬದಲಾಯಿಸಿ.
ಪುಟ ಇನ್ನೂ ಮುಕ್ಕಾಲು ಖಾಲಿಯಿತ್ತು,
ಎಲ್ಲೂ ನಕ್ಷತ್ರವಿರಲಿಲ್ಲ.
ಕೆಳಗೆ ಹೆಸರು ಹಾಕಿದೆ:
ಹುಸೇನಪ್ಪ, ಶರಣಮ್ಮ ಹೊಸಕೇರಿ.

ಮೇಜಿನಾಚೆ ಮುನಿವೆಂಕಟಪ್ಪ ಕನ್ನಡಕ ಏರಿಸಿ ಓದಿದ,
ತನ್ನ ಪಟ್ಟಿಯ ಮೇಲೆ ಬೆರಳು ಜಾರಿಸುತ್ತಾ ಹೋದ,
ಮತ್ತೆ ಮೇಲಕ್ಕೆ ಬಂದ.
"ಹನ್ನೊಂದರಲ್ಲಿ ಇದ್ದಿದ್ದು ಶರ್ಮಾ ಅನ್ನೋರಲ್ವಾ?
ಇವರಿಬ್ಬರು ಯಾವಾಗ ಬಂದ್ರು ಮೇಡಂ?"