ಎರಡೂ ಬಾಗಿಲು ತೆರೆದಿರುವ ಗಳಿಗೆ

ಇನ್ನೂರ ಎಂಬತ್ತೆಂಟು ಡಿಗ್ರಿಯ ಜೋಡಿಯೊಂದು
ಎಣ್ಣೆಕಾಗದ ಹೊದ್ದು ಮೇಜಿನ ಮೇಲೆ ಮಲಗಿತ್ತು.
ಬಿಚ್ಚಿ ನೋಡಿದೆ: ಸಾಲಾಗಿ ಉಕ್ಕಿನ ಮೊಟ್ಟೆಗಳು,
ಒಂದೊಂದೂ ಒಂದೊಂದು ದಿಕ್ಕಿಗೆ ಮೂತಿ ತಿರುವಿ,
ಫೋಟೋಗೆ ನಿಂತ, ಮುನಿಸಿಕೊಂಡ ನಂಟರ ಹಾಗೆ.

ಇದೇ ಬೇಕು ಅಂದೆ.

ಒಸ್ಮೊ ತಲೆಯೆತ್ತಲಿಲ್ಲ.
ಊಸಿಕೌಪುಂಕಿಯ ಈ ಶೆಡ್ಡಿನಲ್ಲಿ ನಲವತ್ತು ವರ್ಷ
ಕ್ಯಾಮ್‌ಶಾಫ್ಟ್ ಸಾಣೆ ಹಿಡಿದವನು;
ಎಡಗೈಯ ಉಂಗುರಬೆರಳು ಅರ್ಧಕ್ಕೇ ಮುಗಿದಿದೆ.
"ಇದನ್ನು ಹಾಕಿಕೊಂಡು ಎಲ್ಲಿಗೆ ಹೋಗ್ತೀಯ?"

ಎಲ್ಲಿಗೆ! ಪಿಯಾನೋ ಶ್ರುತಿ ಮಾಡುವವಳು ನಾನು.
ಬುಧವಾರ ಕುಸ್ತವಿಯ ಶಾಲೆ, ಆಮೇಲೆ ಫೆರಿ ಹತ್ತಿ ದ್ವೀಪ,
ಹಿಂದಿನ ಸೀಟಿನಲ್ಲಿ ತಂತಿ, ಫೆಲ್ಟು, ಕಾಫಿ ಫ್ಲಾಸ್ಕು.
ಆದರೂ ತೊಂಬತ್ತೆರಡರ ಈ ಸಾಬ್ ಟರ್ಬೊ
ಖಾಲಿ ರಸ್ತೆಯಲ್ಲಿ ಒಮ್ಮೆ ಏಳು ಸಾವಿರಕ್ಕೇರಿ
ಕೂಗಲಿ ಅನ್ನುವ ಆಸೆ ಇರಬಾರದೆ?

ಅವನು ಮಕ್ಕಳ ನೋಟುಬುಕ್ಕೊಂದನ್ನು ನೂಕಿದ:
"ಒಂದು ವಾರ ಬರಿ. ಮುಳ್ಳು ಎಲ್ಲಿರುತ್ತೆ, ಅಷ್ಟೇ."

ಸೋಮವಾರ: ಎರಡು ಸಾವಿರದ ಇನ್ನೂರು.
ಮಂಗಳವಾರ, ಹಿಮ ತಳ್ಳುವ ಗಾಡಿಯ ಬೆನ್ನಿಗೆ
ಹನ್ನೊಂದು ಕಿಲೋಮೀಟರು: ಸಾವಿರದ ಎಂಟುನೂರು.
ಬುಧವಾರ ಫೆರಿಯ ಸಾಲು. ಹೀಟರಿಗಾಗಿ ಎಂಜಿನ್ ಆರಿಸಲಿಲ್ಲ.
ಎಂಟುನೂರ ಐವತ್ತು, ಐವತ್ತು, ಐವತ್ತು.
ಗುರುವಾರ ಬರೆಯಲು ಮರೆತೆ.
ಶುಕ್ರವಾರ ಮರದ ಲಾರಿಯನ್ನು ದಾಟುವಾಗ
ಐದು ಸಾವಿರದ ಆರುನೂರು: ನಾಲ್ಕು ಸೆಕೆಂಡು.
ಅದರ ಕೆಳಗೆ ಎರಡು ಗೆರೆ ಎಳೆದೆ.

ಓದಿದ. ಕನ್ನಡಕ ಒರೆಸಿಕೊಂಡ.
"ಒಳಗಿನ ಕವಾಟ ತೆರೀತು, ಹೊರಗಿನದು ಇನ್ನೂ ಮುಚ್ಚಿಲ್ಲ.
ಎರಡೂ ಬಾಗಿಲು ತೆರೆದಿರುವ ಗಳಿಗೆ ಅದು.
ಟರ್ಬೊ ಇಲ್ಲದಿದ್ದರೆ ಅದೇ ಹಬ್ಬ:
ಹೋಗುವ ಹೊಗೆಯೇ ಬರುವ ಗಾಳಿಯನ್ನು
ಕೈಹಿಡಿದು ಕರೆಯುತ್ತೆ.
ನಿನ್ನದರಲ್ಲಿ ಹೊರಬಾಗಿಲಿಗೇ ಅಡ್ಡ ಕೂತಿದೆ ಪುಟ್ಟ ಟರ್ಬೈನು.
ಹೋದ ಹೊಗೆ ಹಿಂದಿರುಗುತ್ತೆ. ಗಾಳಿ ತಿರುಗಿದ ದಿನ
ಸೌನಾದೊಳಗೆ ಕೂತಿದ್ದೀಯಾ?"

ಕೂತಿದ್ದೆ. ಕಣ್ಣು ನೆನಪಿಗೇ ಉರಿಯಿತು.

"ಕೆಳಗಡೆ ಉಸಿರಿಲ್ಲ, ಟರ್ಬೊ ಏಳೋದು ತಡ,
ಬೆಳಿಗ್ಗೆ ಮೈನಸ್ ಇಪ್ಪತ್ನಾಲ್ಕರಲ್ಲಿ ಕುಂಟೋ ಐಡಲ್.
ನಾಲ್ಕು ಸೆಕೆಂಡಿಗೆ! ಮೂಗಿಗಿಂತ ಮೂಗುತಿ ಭಾರ.
ಆ ನಾಲ್ಕಕ್ಕೆ ಬೂಸ್ಟು ಇದೆ, ಅದೇ ನೋಡಿಕೊಳ್ಳುತ್ತೆ.
ಹೊರಗಿನ ಶಾಫ್ಟು ಕಂಪನಿಯದೇ ಇರಲಿ.
ಒಳಗಿನದನ್ನು ಸಾಣೆ ಹಿಡಿದು ಇನ್ನೂರ ಐವತ್ತೆರಡು ಮಾಡ್ತೀನಿ."

ನನಗೆ ಸಿಟ್ಟು ಬಂತು, ಯಾಕೆಂದರೆ
ನಾನು ಮನೆಮನೆಯಲ್ಲಿ ಹೇಳುವ ಮಾತೇ ಇದು:
ಪಂಚಮವನ್ನು ಅಪ್ಪಟ ಇಡಲಾಗದಮ್ಮ,
ಕೂದಲೆಳೆಯಷ್ಟು ಇಳಿಸಿದರೇ ಉಳಿದ ಸ್ವರಗಳು
ಒಂದೇ ಸೂರಿನಡಿ ಬಾಳುವುದು.
ಅವರೂ ಹೀಗೇ ಮುಖ ಊದಿಸಿಕೊಳ್ಳುತ್ತಾರೆ.

ಆ ದೊಡ್ಡ ಜೋಡಿಯನ್ನು
ಹಿಮದ ಮೇಲೆ ರೇಸು ಬಿಡುವ ಹುಡುಗನೊಬ್ಬ ಒಯ್ದನಂತೆ.

ಫೆಬ್ರವರಿಯ ಕತ್ತಲಲ್ಲಿ ಕೀಲಿ ತಿರುವಿದೆ.
ಒಂದು ಕೆಮ್ಮು, ಆಮೇಲೆ ಸಮ.
ಕಿವಿಯಿಟ್ಟು ಕೇಳಿದೆ, ಎರಡು ತಂತಿಗಳ ನಡುವೆ ಕೇಳುವ ಹಾಗೆ:
ಎಲ್ಲೋ ತಳದಲ್ಲಿ, ಬಹಳ ನಿಧಾನದ ಒಂದು ಅಲೆ.

ಡಬ್ಬಿಯ ಮೇಲೆ ಒಸ್ಮೊನ ಪೆನ್ಸಿಲು:
"ಐವತ್ತೆರಡಲ್ಲ, ಐವತ್ನಾಲ್ಕು.
ಎರಡು ಡಿಗ್ರಿ, ಗುರುವಾರಕ್ಕೆ."

ಯಾರಿಗೂ ಹೇಳಿರಲಿಲ್ಲ ನಾನು.