ತೂಕದ ವಹಿ

ಅವೇರೊ ಆಸ್ಪತ್ರೆಯಲ್ಲಿ ನರ್ಸ್ ಟೆಲ್ಮಾ
ಎಲ್ಲವನ್ನೂ ಅವನಿಗೇ ಹೇಳಿದಳು.
ನಾನು ಪಕ್ಕದ ಕುರ್ಚಿಯಲ್ಲಿ
ಅವನ ಕೋಟು ಹಿಡಿದು ಕೂತಿದ್ದೆ.

ದಿನಕ್ಕೆ ಒಂದೂವರೆ ಲೀಟರು ನೀರು, ಸೂಪೂ ಲೆಕ್ಕಕ್ಕೆ.
ಬೆಳಿಗ್ಗೆ ಎದ್ದು, ಉಚ್ಚೆ ಹೊಯ್ದು, ಬರಿಮೈಯಲ್ಲಿ ತೂಕ.
ಎರಡು ದಿನಕ್ಕೆ ಎರಡು ಕಿಲೊ ಏರಿದರೆ ಫೋನು.
ಉಪ್ಪು ಎಂದವಳು
ಅವನ ಅಂಗೈ ಕಂಡು ಗಕ್ಕನೆ ನಿಂತಳು.

ನಲವತ್ತನಾಲ್ಕು ಬೇಸಿಗೆ
ಹಿನ್ನೀರಿನ ಮಡಿಗಳಲ್ಲಿ ಉಪ್ಪು ಎಳೆದ ಕೈ.
ಬಿರುಕಿನೊಳಗೆ ಈಗಲೂ ಬಿಳಿ.
ಡೆಯೊಲಿಂಡೊ ನಕ್ಕ:
‘ಉಪ್ಪು ತಿಂದವನು ನೀರು ಕುಡಿಯಲೇಬೇಕು ಮಗಳೇ,
ನೀನು ನೋಡಿದರೆ ಎರಡಕ್ಕೂ ಬೀಗ ಜಡಿದೆ.’

ಅವಳು ಕೊಟ್ಟ ಪುಸ್ತಿಕೆಯಲ್ಲಿ ಹೃದಯವೆಂದರೆ ಒಂದು ಪಂಪು.
ಮನೆಗೆ ಬಂದು ಅದನ್ನು ನಾಲ್ಕು ಮಡಿಕೆ ಮಡಚಿ
ಮೇಜಿನ ಕುಂಟುಗಾಲಿಗೆ ಕೊಟ್ಟ.

ಒಣ ಕಾಡ್ ಮೀನಿನ ಉಪ್ಪು ಬಿಡಿಸುವುದು ನನಗೆ ಗೊತ್ತು,
ಎರಡು ದಿನ ತಣ್ಣೀರು, ಐದು ಸಲ ಬದಲಾಯಿಸಬೇಕು.
ಗಂಡನನ್ನು ಯಾವ ಪಾತ್ರೆಯಲ್ಲಿ ನೆನೆಹಾಕಲಿ?
ಮೊದಲ ವಾರ ಸಪ್ಪೆ ಸಾರು.
ಚಮಚ ಕೆಳಗಿಟ್ಟು ಕಿಟಕಿ ನೋಡಿದ.
ಎರಡನೆಯ ವಾರ ನಿಂಬೆ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು,
ಮತ್ತೆ, ಬೆರಳ ತುದಿಯಷ್ಟು,
ನಾನು ಯಾರಿಗೂ ಹೇಳದ್ದು.

ಒಂದು ಸಂಜೆ ಕಾಲ್ಚೀಲ ಕಳಚಿದಾಗ
ಅದರ ಅಂಚು ಚರ್ಮದಲ್ಲೇ ಉಳಿಯಿತು.
ಮಡಿಯ ಕೆಸರನ್ನು ಒತ್ತಿ ನೋಡುವಂತೆ
ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದ.
ಕುಳಿ ಬಿತ್ತು. ತುಂಬಲೇ ಇಲ್ಲ.
‘ತಳದಲ್ಲಿ ನೀರು ನಿಂತಿದೆ ಎರ್ಮೆಲಿಂಡಾ,
ಎಲ್ಲೋ ತೂಬು ಕೆಟ್ಟಿದೆ’ ಎಂದ,
ತನ್ನದಲ್ಲದ ಗದ್ದೆಯ ಬಗ್ಗೆ ಹೇಳುವವನಂತೆ.

ಮಾರನೆಯ ದಿನದಿಂದ
ಬುಟ್ಟಿಗಳ ಲೆಕ್ಕ ಬರೆಯುತ್ತಿದ್ದ ಹಳೆಯ ವಹಿಯಲ್ಲಿ
ತೂಕ ಬರೆಯತೊಡಗಿದ.
ಎಪ್ಪತ್ತೆಂಟು. ಎಪ್ಪತ್ತೆಂಟೂವರೆ.
ಗುರುವಾರ ತೂಕದ ಮುಳ್ಳು ಎಂಬತ್ತೊಂದು ತೋರಿದ್ದು
ಬಾಗಿಲ ಸಂದಿಯಿಂದ ಕಂಡೆ.
ಅವನು ಬರೆದದ್ದು ಎಪ್ಪತ್ತೊಂಬತ್ತು.

ಬೈಯಲು ಬಾಯಿ ತೆರೆದೆ,
ನನ್ನ ಬೆರಳ ತುದಿ ನೆನಪಾಯಿತು.
ಇಬ್ಬರೂ ಕಳ್ಳರೇ ಇರುವ ಮನೆಯಲ್ಲಿ
ಯಾರು ಯಾರನ್ನು ಹಿಡಿಯಬೇಕು?

ನಾನೇ ಫೋನು ಮಾಡಿದೆ.
ಅವನ ಸುಳ್ಳು ಹೇಳಿದೆ, ನನ್ನದನ್ನೂ ಹೇಳಿದೆ.
ಟೆಲ್ಮಾ ಗದರಲಿಲ್ಲ. ಇವತ್ತೇ ಕರೆತನ್ನಿ ಎಂದಳು.
ಆಮೇಲೆ ಸ್ವಲ್ಪ ತಡೆದು,
‘ನಿಮಗೆ ಏನಾದರೂ ಕೇಳುವುದಿದೆಯಾ?’

ಇತ್ತು.
ರಾತ್ರಿ ಮೂರು ದಿಂಬಿನ ಮೇಲೆ ಮಲಗಿದವನ ಉಸಿರು
ನಡುವೆ ನಿಲ್ಲುತ್ತದಲ್ಲ,
ಆಗ ಎಷ್ಟರವರೆಗೆ ಎಣಿಸಿ ಅಲುಗಿಸಬೇಕು?
ಸುಮ್ಮನೆ ಎಬ್ಬಿಸಿದರೆ ರೇಗುತ್ತಾನೆ.
ಎಬ್ಬಿಸದಿದ್ದರೆ?

‘ಬರುವಾಗ ಮಾತ್ರೆಗಳನ್ನೂ ತರಬೇಕೇ’ ಎಂದು ಕೇಳಿದೆ.
ಹೌದು, ಎಲ್ಲವನ್ನೂ, ಎಂದಳು.

ಸೂಜಿ ಚುಚ್ಚಿದರು. ನೀರು ಇಳಿಯಿತು.
ಮನೆಗೆ ಬಂದ. ವಹಿಯಲ್ಲಿ ಈಗ
ಅವನ ಅಂಕಿಯ ಪಕ್ಕ ನನ್ನ ಅಂಕಿ.
ಮೇಜು ಅಲುಗುವುದಿಲ್ಲ.

ರಾತ್ರಿ ದೀಪ ಆರಿಸಿ
ಅವನ ಬೆನ್ನಿಗೆ ಅಂಗೈ ಇಟ್ಟು ಎಣಿಸುತ್ತೇನೆ.
ಒಂಬತ್ತು. ಹತ್ತು.
ಹನ್ನೊಂದು